ನೀಲಿ ನೀರಿನ ಹೊಂಡ ಕಾದವನು

ಹೊಂಡದ ಸಾರು ತೀರಿಕೊಂಡ ಸುದ್ದಿಯನ್ನು ನನ್ನ ತಮ್ಮನ ಮಗಳು ಫೋನಿನಲ್ಲಿ ಹೇಳಿದಳು. ಗುಡಿಬಂಡೆಯಿಂದ ಬೇರೆ ಏನೋ ಮಾತಿಗೆ ಫೋನು ಮಾಡಿದ್ದಳು, ಇಡುವ ಮುಂಚೆ ಇದನ್ನೂ ಸೇರಿಸಿದಳು. ಕಾಮಾಲೆ ಆಗಿತ್ತಂತೆ, ಹದಿನೈದು ದಿನ ಮಲಗಿದ್ದನಂತೆ. ನಾನು ಅಳಲಿಲ್ಲ. ನೆನೆಹಾಕಿದ ಬಟ್ಟೆ ಇತ್ತು, ಹೋಗಿ ಒಗೆದೆ. ಒಗೆಯುವಾಗ ಒಂದೇ ಯೋಚನೆ. ಆತ ಹೋದ, ಇನ್ನು ನಮ್ಮೂರ ಕುಡಿಯುವ ನೀರಿನ ನಿಜ ಗೊತ್ತಿರುವುದು ನನಗೊಬ್ಬಳಿಗೇ.

ಸತ್ತವರನ್ನು ದೇವರು ಮಾಡುವ ಚಾಳಿ ನನಗಿಲ್ಲ. ಆತ ಸಿಡುಕ. ಯಾರಾದರೂ ಚಹಾ ಕೊಟ್ಟರೆ ಲೋಟದೊಳಗೆ ಇಣುಕಿ, ಮೂಸಿ, ಆಮೇಲೆ ಕುಡಿಯುತ್ತಿದ್ದ. ಇದರಿಂದ ಎಷ್ಟು ಮನೆಯ ಹೆಂಗಸರ ಮುಖ ಕೆಟ್ಟಿತೋ ಲೆಕ್ಕವಿಲ್ಲ. ಉರಿಬಿಸಿಲಲ್ಲೂ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಚಪ್ ಚಪ್ ಎಂದು ಓಡಾಡುತ್ತಿದ್ದ. ಊಟಕ್ಕೆ ಮುಂಚೆ ಮೊಣಕೈವರೆಗೆ ಮೂರು ಸಲ ಸೋಪು ಹಚ್ಚುತ್ತಿದ್ದ. ಆ ಸೋಪಿನ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಹೊಂಡಕ್ಕೆ ಸುರಿದು ಬಂದು ಆಮೇಲೆ ಮುದ್ದೆ ಮುರಿಯುತ್ತಿದ್ದ. ಅಷ್ಟು ಹೊತ್ತಿಗೆ ಮುದ್ದೆ ತಣ್ಣಗಾಗಿರುತ್ತಿತ್ತು, ಅದಕ್ಕೂ ಸಿಡುಕುತ್ತಿದ್ದ. ಊರಲ್ಲಿ ಯಾರೂ ಆತನನ್ನು ಹೆಸರು ಹಿಡಿದು ಕರೆಯಲಿಲ್ಲ. ಹೊಂಡ ನೋಡಿಕೊಳ್ಳುವ ಸರ್ ಎಂದು ಹೊಂಡದ ಸಾರು ಅಂತಲೇ ಆಯಿತು. ನಾನೂ ಹೆಸರು ಬರೆಯುವುದಿಲ್ಲ.

ನಮ್ಮೂರು ರಾಯದುರ್ಗದಿಂದ ಹಗರಿ ಹೊಳೆಯ ಕಡೆ ಬರುವ ದಾರಿಯಲ್ಲಿದೆ. ಹೊಳೆ ಎಂದರೆ ವರ್ಷದಲ್ಲಿ ಹೆಚ್ಚು ದಿನ ಮರಳೇ. ನೀರು ಮರಳಿನ ಕೆಳಗಿರುತ್ತದೆ. ಬೇಸಿಗೆ ಬಂತೆಂದರೆ ಸೊಂಟದುದ್ದ ಗುಂಡಿ ತೋಡುತ್ತೇವೆ, ಅದಕ್ಕೆ ವರ್ತಿ ಅನ್ನುತ್ತೇವೆ. ತೋಡಿ ಸ್ವಲ್ಪ ಹೊತ್ತು ಕೂತರೆ ಬುಡದಲ್ಲಿ ತಿಳಿನೀರು ಊರುತ್ತದೆ. ಊರೊಳಗಿನ ಬೋರಿನ ನೀರು ಸವಳು, ಅದರಲ್ಲಿ ಬೇಳೆ ಬೇಯುವುದಿಲ್ಲ. ನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಕುಡಿಯುವುದಕ್ಕೂ ಬೇಯಿಸುವುದಕ್ಕೂ ವರ್ತಿಯ ನೀರೇ ಗತಿ.

ನಾವು ಮಡಿವಾಳರು. ಬೇಸಿಗೆಯ ಮೊದಲ ವರ್ತಿ ತೋಡಿದ ದಿನ ನಮ್ಮ ಮನೆಯ ಹಿರಿಯ ಹೆಂಗಸು ಬಿಳಿ ಬಟ್ಟೆಯ ತುಂಡೊಂದನ್ನು ಆ ನೀರಿನಲ್ಲಿ ಅದ್ದಿ, ಒಣಗಿಸಿ, ಊರವರ ಮುಂದೆ ಹಿಡಿದು ಹೇಳಬೇಕು, ಕುಡಿಯಬಹುದೋ ಕೂಡದೋ ಎಂದು. ಬಟ್ಟೆ ಕೆಂಪಾದರೆ ಮಣ್ಣು, ಹಳದಿಯಾದರೆ ಕೊಳೆ, ಒಣಗಿದ ಮೇಲೆ ಬಿರುಸಾದರೆ ಸವಳು. ನಮ್ಮತ್ತೆ ಹೇಳುತ್ತಿದ್ದಳು, ಅವಳಾದ ಮೇಲೆ ನಾನು. ನಾನು ಬೇಡ ಅಂದ ವರ್ಷ ಊರವರು ಗುಂಡಿ ಮುಚ್ಚಿ ಬೇರೆ ಕಡೆ ತೋಡಿದ್ದಾರೆ. ಊರಲ್ಲಿ ನನ್ನ ಮಾತಿಗೆ ಬೆಲೆ ಇದ್ದದ್ದು ಇದೊಂದು ವಿಷಯದಲ್ಲಿ. ಮಿಕ್ಕಂತೆ ನಾನು ಬಾಯಿಬಡುಕಿ ಮುದುಕಿ.

ಆಮೇಲೆ ಹಳ್ಳದ ದಂಡೆಗೆ ಒಗೆಯುವ ಶೆಡ್ಡುಗಳು ಬಂದವು. ರಾಯದುರ್ಗದಲ್ಲಿ ಹೊಲಿದ ಜೀನ್ಸ್ ಪ್ಯಾಂಟುಗಳನ್ನು ಇಲ್ಲಿಗೆ ತಂದು ದೊಡ್ಡ ಡ್ರಮ್ಮಿನಲ್ಲಿ ಕಲ್ಲಿನ ಜೊತೆ ತಿರುಗಿಸಿ, ಅಲ್ಲಲ್ಲಿ ಬಣ್ಣ ತೆಗೆದು, ಹಳೆಯದರ ಹಾಗೆ ಮಾಡಿ ಕಳಿಸುತ್ತಾರೆ. ನಾವು ತಲೆತಲಾಂತರದಿಂದ ಹಳೆಯ ಬಟ್ಟೆಯನ್ನು ಹೊಸದರ ಹಾಗೆ ಮಾಡುತ್ತಾ ಬಂದವರು. ಇವರು ಹೊಸದನ್ನು ಹಳೆಯದು ಮಾಡಿ ಮಾಳಿಗೆ ಕಟ್ಟಿಸಿದರು. ಇರಲಿ. ಊರಿನ ಅರ್ಧ ಹೆಂಗಸರಿಗೆ ಅಲ್ಲಿ ಕೆಲಸ ಸಿಕ್ಕಿತು, ನನ್ನ ಸೊಸೆಗೂ ಸಿಕ್ಕಿತು. ಆದರೆ ಶೆಡ್ಡಿನ ನೀರು ನೀಲಿಯಾಗಿ ಹಳ್ಳಕ್ಕೆ ಬಂತು, ಹಳ್ಳದಿಂದ ಹೊಳೆಯ ಮರಳಿಗೆ ಇಳಿಯಿತು. ಒಂದು ವರ್ಷ ವರ್ತಿಯಲ್ಲಿ ಅದ್ದಿದ ನನ್ನ ಬಟ್ಟೆ ತೆಳು ನೀಲಿಯಾಗಿ ಬಂತು. ನಾನು ಕುಡಿಯಬೇಡ್ರಿ ಅಂದೆ. ಊರವರು ಕೇಳಿದರು. ಅರ್ಜಿ ಹೋಯಿತು, ಮಾಲಿನ್ಯ ನೋಡುವ ಕಚೇರಿಯವರು ಬಂದರು, ಶೆಡ್ಡಿನವರೂ ಕೈ ಸೇರಿಸಿ ಮೂರು ಹೊಂಡ ಕಟ್ಟಿಸಿದರು. ಅದನ್ನು ನೋಡಿಕೊಳ್ಳಲು ಕಾಂಟ್ರಾಕ್ಟರು ಕಳಿಸಿದ ಮನುಷ್ಯ ಈತ.

ಬಂದ ಮೊದಲ ದಿನವೇ ನಮಗೆ ಜಗಳ. ಕೊನೆಯ ಹೊಂಡದ ಕೆಳಗೆ ಹಳ್ಳದಲ್ಲಿ ನನ್ನ ಒಗೆಯುವ ಕಲ್ಲಿತ್ತು. ಆತ ಬೂಟಿನಲ್ಲಿ ಬಂದು ನಿಂತು, ಇಲ್ಲಿ ಇನ್ನು ಮೇಲೆ ಸೋಪಿನ ನೀರು ಬಿಡಬಾರದು, ಏಳು ಎಂದ. ನಿಮ್ಮಪ್ಪ ಹುಟ್ಟೋದಕ್ಕ ಮುಂಚಿಂದ ಇದು ನಮ್ಮ ಕಲ್ಲು ಎಂದೆ.

"ನಮ್ಮಪ್ಪ ಹುಟ್ಟಿದ್ದು ಈ ಕಡೆ ಅಲ್ಲ, ಬಿಡು ಅಮ್ಮಯ್ಯ," ಅಂದ.

ಆ ಮಾತಿನ ಎಳೆತ ಕೇಳಿ ನನ್ನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ನಮ್ಮ ತವರಿನ ಮಾತು. ನನ್ನನ್ನು ಮಡಕಶಿರಾ ಸೀಮೆಯಿಂದ ಇಷ್ಟು ದೂರ ಕೊಟ್ಟು ಐವತ್ತು ವರ್ಷದ ಹತ್ತಿರ ಬಂತು. ಇಲ್ಲಿಯವರು ಬರ್ರಿ, ಹೋಗ್ರಿ, ಹೌದ್ರಿ ಅನ್ನುವವರು. ನನಗೂ ಅದೇ ರೂಢಿಯಾಗಿತ್ತು. ಯಾವೂರು ಎಂದು ಕೇಳಿದೆ. ಗುಡಿಬಂಡೆ ಪಕ್ಕದ ಹಳ್ಳಿ ಹೆಸರು ಹೇಳಿದ. ನಮ್ಮೂರಿಗೆ ಎರಡು ಹೊಲ ದಾಟಿದರೆ ಅದೇ.

"ಇಷ್ಟು ದೂರ ಕೊಟ್ಟವ್ರಲ್ಲ ನಿನ್ನ, ಪಾಪ," ಅಂದ.

"ನಿನ್ನ ಇಷ್ಟು ದೂರ ಅಟ್ಟವ್ರಲ್ಲ, ಅದು ನೋಡ್ಕೋ," ಅಂದೆ.

ಅವತ್ತಿನಿಂದ ಅಮ್ಮಯ್ಯ ಹೋಗಿ ಅಕ್ಕಯ್ಯ ಆಯಿತು. ಹಾಗಂತ ಕಲ್ಲಿನ ವಿಷಯ ಬಿಡಲಿಲ್ಲ. ಮೂರು ದಿನ ತಾನೇ ಗುದ್ದಲಿ ಹಿಡಿದು ನನ್ನ ಕಲ್ಲಿನಿಂದ ಒಂದು ಕಾಲುವೆ ತೋಡಿ, ನನ್ನ ಸೋಪಿನ ನೀರು ಒಂದು ಗುಂಡಿಗೆ ಬಂದು ಬೀಳುವ ಹಾಗೆ ಮಾಡಿದ. ಸಂಜೆ ಸಂಜೆ ಅದನ್ನು ಬಕೆಟ್ಟಿನಲ್ಲಿ ಎತ್ತಿ ಮೊದಲ ಹೊಂಡಕ್ಕೆ ಹಾಕುತ್ತಿದ್ದ. ಶೆಡ್ಡಿನಿಂದ ನದಿಯಷ್ಟು ನೀಲಿ ಬರುವಾಗ ನನ್ನ ಎರಡು ಬಕೆಟ್ಟು ಸೋಪಿನ ನೀರು ಯಾವ ಲೆಕ್ಕ ಎಂದು ನಾನು ನಗುತ್ತಿದ್ದೆ. ಆತ ನಗುತ್ತಿರಲಿಲ್ಲ. ಒಬ್ಬರಿಗೆ ಬಿಟ್ಟರೆ ಇನ್ನೊಬ್ಬರಿಗೆ ಹೇಳೋದಕ್ಕೆ ಬಾಯಿ ಇರಲ್ಲ ಅನ್ನುತ್ತಿದ್ದ.

ಹೊಂಡದ ಕೆಲಸ ಆತ ಹೇಳಿಕೊಟ್ಟಂತೆ ಹೇಳುತ್ತೇನೆ. ಮೊದಲ ಹೊಂಡಕ್ಕೆ ಸುಣ್ಣ, ಪಟಿಕ ಹಾಕಿ ಕಲಕಿದರೆ ಬಣ್ಣ ಒಡೆದ ಹಾಲಿನ ಹಾಗೆ ಗಂಟು ಗಂಟಾಗಿ ತಳ ಸೇರುತ್ತದೆ. ಆ ರಾಡಿಯನ್ನು ತೆಗೆದು ಮರಳಿನ ಮೇಲೆ ಹರವಿ ಒಣಗಿಸುತ್ತಾರೆ. ಎರಡನೆಯದಕ್ಕೆ ಮೋಟಾರಿನಿಂದ ಗಾಳಿ ಊದುತ್ತಾರೆ. ಅದರಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತವೆ, ಅವು ಕೊಳೆ ತಿನ್ನುತ್ತವೆ. ಮೂರನೆಯದರ ತುಂಬ ಜೊಂಡು. ಉಳಿದದ್ದನ್ನು ಅದರ ಬೇರು ಹಿಡಿಯುತ್ತದೆ. ಆಮೇಲೆ ಒಂದು ಕಬ್ಬಿಣದ ಗೇಟು, ಗೇಟಿನಾಚೆ ಹಳ್ಳ, ಹಳ್ಳದಾಚೆ ಹೊಳೆ. ಹುಳಕ್ಕೆ ಆತ ನನ್ನ ಆಳುಗಳು ಅನ್ನುತ್ತಿದ್ದ. ಕರೆಂಟು ಹೋಗಿ ಗಾಳಿ ನಿಂತರೆ, ನನ್ನ ಆಳುಗಳು ಉಸಿರುಕಟ್ಟಿ ಸಾಯ್ತಾವೆ ಎಂದು ಲೈನ್‌ಮನ್‌ಗೆ ತೆಲುಗಿನಲ್ಲಿ ಬೈಯುತ್ತಿದ್ದ. ಬೈಗುಳಕ್ಕೆ ಆತ ತೆಲುಗನ್ನೇ ಇಟ್ಟುಕೊಂಡಿದ್ದ.

ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲಿ ಕುರಿ ಹಿಂದೆ ತಿರುಗಿ, ಆಮೇಲೆ ಐಟಿಐ ಓದಿದ್ದ. ನೀರು ಕಾಯುವುದಕ್ಕಿಂತ ಕುರಿ ಕಾಯುವುದು ಸಲೀಸು ಅನ್ನುತ್ತಿದ್ದ. "ಕುರಿ ತಪ್ಪಿಸ್ಕೊಂಡ್ರೆ ಹುಡುಕ್ಕೊಂಡು ಬರಬೌದು ಅಕ್ಕಯ್ಯ. ನೀರು ಆ ಗೇಟು ದಾಟಿತು ಅಂದ್ರೆ ದಾಟಿತು."

ಇನ್ನೊಂದು ಸಂಗತಿ ಹೇಳಬೇಕು. ಬೊಮ್ಮನಹಾಳ್ ಕಡೆಯ ಒಬ್ಬ ರೈತ ಟ್ರ್ಯಾಕ್ಟರ್ ತಂದು, ಒಣಗಿದ ರಾಡಿ ಗೊಬ್ಬರದ ಹಾಗಿದೆ, ಕೊಡು ಎಂದು ಕೇಳಿದ. ಈತ ಕೊಡಲಿಲ್ಲ. ಈತ ರಾಯದುರ್ಗಕ್ಕೆ ಸುಣ್ಣ ತರಲು ಹೋದ ಹೊತ್ತು ನೋಡಿ ಅವನು ಒಂದು ಲೋಡು ತುಂಬಿಕೊಂಡು ಹೋಗಿ ಮೆಣಸಿನ ಮಡಿಗೆ ಹಾಕಿದ. ಸಸಿ ಸುಟ್ಟಂತೆ ಆದವು. ಈತ ಕೂಗಾಡಿ ಊರು ಎಬ್ಬಿಸುತ್ತಾನೆ ಎಂದುಕೊಂಡಿದ್ದೆವು. ಚಹಾದ ಲೋಟಕ್ಕೆ ಕೂಗಾಡುವವನು. ಇಲ್ಲ. ಚೀಲ ತೆಗೆದುಕೊಂಡು ಬಸ್ಸು ಹತ್ತಿ ಅವನ ಹೊಲಕ್ಕೇ ಹೋಗಿ, ಎರಡು ದಿನ ಆ ಮಡಿಯ ಮೇಲುಮಣ್ಣನ್ನೆಲ್ಲ ಕೆರೆದು ತುಂಬಿಸಿಕೊಂಡು ಬಂದ. ಒಂದು ಮಾತು ಆಡಲಿಲ್ಲವಂತೆ. ಸಣ್ಣದಕ್ಕೆ ಹಾರಾಡುವ ಮನುಷ್ಯ ದೊಡ್ಡದಾದಾಗ ಬಾಯಿ ಮುಚ್ಚಿಬಿಡುತ್ತಿದ್ದ. ಅದು ಆತನ ಗುಣವೋ ದೋಷವೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಆತನ ಬಳಿ ನೀರು ನೋಡುವ ಒಂದು ಮೀಟರಿತ್ತು, ಪೆನ್ನಿನ ಹಾಗೆ ಉದ್ದಕ್ಕೆ. ನೀರಲ್ಲಿ ಅದ್ದಿದರೆ ಅಂಕಿ ತೋರಿಸುತ್ತಿತ್ತು. ಅದು ಕೆಟ್ಟಿತು. ಕಾಂಟ್ರಾಕ್ಟರಿಗೆ ಹೇಳಿದ, ಕಚೇರಿಗೆ ಬರೆದ, ಬೇರೆಯದು ಬರಲಿಲ್ಲ. ದಿನಾ ಹೊಂಡದ ದಂಡೆಯಲ್ಲಿ ಕೂತು ನೀರನ್ನೇ ದಿಟ್ಟಿಸುತ್ತಿದ್ದ. ನೋಡಿ ನೋಡಿ ನನಗೆ ತಡೆಯಲಿಲ್ಲ. ಪೆನ್ನಿಲ್ಲದಿದ್ದರೆ ನೀರು ಓದೋಕೆ ಬರಲ್ವ ನಿನಗೆ ಎಂದು ಹಂಗಿಸಿದೆ. ಹಳೆಯ ಪಂಚೆ ಒಂದನ್ನು ಹರಿದು ಕೈಯಗಲದ ಪಟ್ಟಿ ಮಾಡಿ ಕೊಟ್ಟೆ. ನಮ್ಮತ್ತೆ ವರ್ತಿ ನೋಡುತ್ತಿದ್ದ ಬಗೆ ಹೇಳಿದೆ. ಮೊದಲು ಮೂಗು ಮುರಿದ. ಆಮೇಲೆ ಆತನಿಗೂ ಬೇರೆ ದಾರಿ ಇರಲಿಲ್ಲ. ದಿನಕ್ಕೊಂದು ಪಟ್ಟಿಯನ್ನು ಕೊನೆಯ ಹೊಂಡದಲ್ಲಿ ಬೆಳಗಿನಿಂದ ಬೆಳಗಿನವರೆಗೆ ಮುಳುಗಿಸಿಟ್ಟು, ಒಣಗಿಸಿ, ಹೊಂಡದ ದಂಡೆಯ ತಂತಿಗೆ ಸಾಲಾಗಿ ಕಟ್ಟತೊಡಗಿದ. ಮೊದಲ ತಿಂಗಳು ಆ ಸಾಲು ಮಳೆಗಾಲದ ಮೋಡದ ಬಣ್ಣಕ್ಕಿತ್ತು. ಸುಣ್ಣ, ಪಟಿಕದ ಅಳತೆ ಬದಲಿಸಿದ, ಗಾಳಿ ಹೆಚ್ಚು ಹೊತ್ತು ಊದಿಸಿದ. ಸ್ವಲ್ಪ ತೆಳುವಾಯಿತು. ಶೆಡ್ಡಿನ ಯಜಮಾನರು ಬಂದರೆ ಕೈ ಹಿಡಿದು ಕರೆದುಕೊಂಡು ಹೋಗಿ ತಂತಿ ತೋರಿಸುತ್ತಿದ್ದ. ಇದು ನಿಮ್ಮ ಬಣ್ಣ, ಇದು ಹೊಳೆಗೆ ಹೋಗ್ತಾ ಐತೆ, ಸ್ವಲ್ಪ ಕಡಿಮೆ ಮಾಡ್ರಿ ಅನ್ನುತ್ತಿದ್ದ. ಬಂದವರಿಗೆಲ್ಲ ಅದನ್ನೇ ಹೇಳಿ ಹೇಳಿ ಅವರಿಗೂ ಬೇಜಾರು ಹತ್ತಿತ್ತು.

ಹೋದ ವರ್ಷ ಬೇಸಿಗೆಗೆ ಮುಂಚೆ ತಂತಿಯ ಮೇಲಿನ ಪಟ್ಟಿಗಳು ಬೆಳ್ಳಗಾಗುತ್ತಾ ಬಂದವು. ಶಿವರಾತ್ರಿ ಹೊತ್ತಿಗೆ ಹೊಸ ಮಲ್ಲು ಬಟ್ಟೆಯ ಹಾಗಾದವು. ನಾನು ನನ್ನ ಕೈಯಲ್ಲಿ ಒಗೆದಿದ್ದರೂ ಅಷ್ಟು ಬಿಳುಪು ಬರುತ್ತಿರಲಿಲ್ಲ. ಮೂಗಿಗೆ ಹಿಡಿದರೆ ಬಿಳಿಪುಡಿಯ ವಾಸನೆ ಬರುತ್ತಿತ್ತು, ಬ್ಲೀಚಿಂಗ್ ಪೌಡರ್ ಅನ್ನುತ್ತಾರಲ್ಲ ಅದು. ಬೇರೆಯವರಿಗೆ ಆ ವಾಸನೆ ಹೇಗೋ, ನನಗೆ ಒಳ್ಳೆಯ ವಾಸನೆ. ಮದುವೆ ಮನೆಯ ಹಾಸು ಒಗೆದ ದಿನ ನನ್ನ ಕೈಯಲ್ಲೂ ಅದೇ ಇರುತ್ತದೆ. ಬಿಳಿ ಎಂದರೆ, ಆ ವಾಸನೆ ಎಂದರೆ, ನಮ್ಮ ಪಾಲಿಗೆ ಶುದ್ಧ. ಆತ ಒಂದೆರಡು ಸಲ, ಇದೇನಕ್ಕಯ್ಯ ಇದು ವಾಸ್ನೆ ಎಂದು ಕೇಳಿದ. ಜೊಂಡಿನ ತುದಿ ಒಣಗ್ತಾ ಐತೆ ಎಂದೂ ಹೇಳಿದ. ಬಿಸಿಲು ಕಣೋ, ಸುಮ್ನಿರು ಎಂದೆ. ಬಟ್ಟೆಯ ವಿಷಯದಲ್ಲಿ ಮಡಿವಾಳರ ಹೆಣ್ಣಿಗೆ ನೀನು ಹೇಳಿಕೊಡ್ತೀಯಾ ಎಂದೂ ಅಂದೆ. ಆತ ಆ ಪಟ್ಟಿಯನ್ನೂ ತಂತಿಗೆ ಕಟ್ಟಿದ. ಮೀಟರು ಕೆಟ್ಟ ಮೇಲೆ ಆತನಿಗೆ ನಾನೇ ಮೀಟರು.

ಬೇಸಿಗೆಯ ಮೊದಲ ವರ್ತಿ ತೋಡಿದರು. ನಾನು ಬಟ್ಟೆ ಅದ್ದಿದೆ, ಕಲ್ಲಿನ ಮೇಲೆ ಒಣಗಿಸಿದೆ. ಒಂದು ಕಲೆ ಇಲ್ಲ. ಎರಡು ಕೈಯಲ್ಲಿ ಎತ್ತಿ ಹಿಡಿದು, ಹಾಲಿನಂಗ ಐತಿ, ಕುಡೀರಿ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಮೂರು ವರ್ಷದಿಂದ ತೆಳು ನೀಲಿ ಎಂದು ಗೊಣಗುತ್ತಿದ್ದವಳು ನಾನು. ಹೆಂಗಸರು ಕೊಡ ಇಳಿಸಿದರು. ಮೊದಲ ಬಟ್ಟಲನ್ನು ಹೊಂಡದ ಸಾರಿಗೇ ಕೊಟ್ಟೆ, ನಿನ್ನ ಕೆಲಸ, ನೀನೇ ಕುಡಿ ಎಂದು. ಮೂಸದೆ ಕುಡಿದ. ಆತ ಏನನ್ನಾದರೂ ಮೂಸದೆ ಕುಡಿದದ್ದು ನಾನು ನೋಡಿದ್ದು ಅದೊಂದೇ ಸಲ.

ಅದಾದ ಎಂಟು ಹತ್ತು ದಿನಕ್ಕೆ ಮಟಮಟ ಮಧ್ಯಾಹ್ನ ಬೂಟಿನಲ್ಲೇ ನಮ್ಮ ಅಂಗಳಕ್ಕೆ ಓಡಿಬಂದ. ಉಸಿರು ಹತ್ತುತ್ತಿತ್ತು. ಹಳ್ಳಕ್ಕೆ ಒಂದು ಕುರಿಹಿಂಡು ಬಂದಿತ್ತಂತೆ, ಮೂರು ಹರದಾರಿ ಬಿಸಿಲಲ್ಲಿ ನಡೆದ ಹಿಂಡು. ಗೇಟಿನ ಕೆಳಗಿನ ನೀರಿಗೆ ಮುಖ ಹಾಕಿ, ಮೂಸಿ, ಹಿಂದಕ್ಕೆ ಸರಿದವಂತೆ. ಕುರಿಯವನು ಅಟ್ಟಿದ, ಸಿಳ್ಳು ಹಾಕಿದ, ಒಂದು ಮರಿಯ ಮೂತಿ ಹಿಡಿದು ಅದ್ದಿದ. ಒಂದೂ ಕುಡಿಯಲಿಲ್ಲವಂತೆ.

"ಬಾಯಾರಿದ ಕುರಿ ಗೊಚ್ಚೆ ಆದ್ರೂ ಕುಡಿತೈತೆ ಅಕ್ಕಯ್ಯ. ಇದನ್ನ ಬಿಟ್ಟು ಹೋದವು," ಅಂದ.

ತಂತಿಯಿಂದ ಬಿಚ್ಚಿ ತಂದ ಪಟ್ಟಿಗಳು ಕೈಯಲ್ಲಿದ್ದವು. ಒಂದನ್ನು ನನ್ನ ಮುಂದೆ ಹಿಡಿದು ಎರಡು ಬೆರಳಲ್ಲಿ ಎಳೆದ. ಹಪ್ಪಳದ ಹಾಗೆ ಹರಿಯಿತು. ಇನ್ನೊಂದನ್ನು ನಾನೇ ಎಳೆದೆ. ಅದೂ ಹರಿಯಿತು.

ಬಿಳಿಪುಡಿ ಹೆಚ್ಚಾದರೆ ನೂಲು ಸಾಯುತ್ತದೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಎಷ್ಟು ಮನೆಯ ಬಟ್ಟೆ ಹಾಗೆ ಹರಿದು ಬೈಸಿಕೊಂಡಿದ್ದೇನೆ. ಬೆಳ್ಳಗಿದೆ ಎಂದು ಕಣ್ಣಲ್ಲಿ ನೋಡಿದೆನೇ ಹೊರತು ಒಂದು ದಿನ ಎಳೆದು ನೋಡಲಿಲ್ಲ.

ಆತ ನೇರ ಶೆಡ್ಡಿಗೆ ಹೋದ, ನಾನೂ ಹಿಂದೆ ಹೋದೆ. ಅಲ್ಲಿನ ಮೇಸ್ತ್ರಿ ನಮ್ಮೂರಿನವನೇ, ಕೆಟ್ಟವನಲ್ಲ. ಮೊದಲ ಹೊಂಡಕ್ಕೆ ಹೋಗುವ ಮೋರಿಯ ಹತ್ತಿರ ಖಾಲಿ ಡ್ರಮ್ಮುಗಳು ಸಾಲಾಗಿದ್ದವು. ಏನಿದು ಎಂದು ಕೇಳಿದ್ದಕ್ಕೆ ಮೇಸ್ತ್ರಿ ಹೆಮ್ಮೆಯಿಂದಲೇ ಹೇಳಿದ.

"ನೀವ ಅಲ್ಲೇನ್ರಿ ಸಾರು, ದಿನಾ ನೀಲಿ ಬ್ಯಾಡ ನೀಲಿ ಬ್ಯಾಡ ಅಂತಿದ್ದೋರು? ತೆಗದ್ವಿ. ಪ್ಯಾಂಟಿಗೆ ಹಾಕೋ ಪುಡೀನ ಮೋರಿಗೂ ಹಾಕಿದ್ವಿ. ಈಗ ನಿಮ್ಮ ತಂತಿ ನೋಡ್ರಿ, ಬೆಳ್ಳಗ."

ಆತ ಮಾತಾಡದೆ ವಾಪಸು ಬಂದ. ದಾರಿಯಲ್ಲಿ ನನಗೆ ಮಾತ್ರ ಹೇಳಿದ. "ನೀಲಿ ಎಲ್ಲಿಗೂ ಹೋಗಿಲ್ಲ ಅಕ್ಕಯ್ಯ. ಕಾಣದಂಗೆ ಆಗೈತೆ, ಅಷ್ಟೆ. ಅದರ ಜೊತೆಗೆ ಈ ಪುಡಿ ಸೇರೈತೆ. ನನ್ನ ಆಳುಗಳೆಲ್ಲ ಸತ್ತವೆ. ಹೊಂಡ ಈಗ ಬರೀ ಗುಂಡಿ, ಏನೂ ತೊಳೆಯಲ್ಲ."

ಹಂಗಾದ್ರೆ ವರ್ತಿ ನೀರು ಎಂದು ಕೇಳಿದೆ.

"ಅದೂ ಇದೇ," ಅಂದ.

ಅವತ್ತೇ ಗೇಟು ಹಾಕಿದ. ಹುಳ ಮತ್ತೆ ಹುಟ್ಟುವವರೆಗೆ, ಜೊಂಡು ಚಿಗುರುವವರೆಗೆ ಹೊಳೆಗೆ ಹನಿ ಬಿಡುವುದಿಲ್ಲ ಎಂದು ಕಾಂಟ್ರಾಕ್ಟರಿಗೆ ಫೋನು ಮಾಡಿ ಹೇಳಿದ. ಹೊಂಡ ತುಂಬಿ ನೀರು ಮೋರಿಯಲ್ಲಿ ಹಿಂದಕ್ಕೆ ನಿಂತಿತು. ಮೂರನೆಯ ದಿನಕ್ಕೆ ಶೆಡ್ಡಿನೊಳಗೆ ಕಾಲು ಮುಳುಗುವಷ್ಟು ನೀರು. ಡ್ರಮ್ಮು ನಿಂತವು, ಹೆಂಗಸರನ್ನು ಮನೆಗೆ ಕಳಿಸಿದರು. ಅವರು ಮನೆಗೆ ಹೋಗಲಿಲ್ಲ, ಹೊಂಡಕ್ಕೆ ಬಂದರು. ಊರಿನ ಗಂಡಸರೂ ಬಂದರು, ಮೇಸ್ತ್ರಿಯೂ ಬಂದ. ನನ್ನ ಸೊಸೆಯೂ ಇದ್ದಳು. ನನ್ನ ಮಗ ಸ್ಕೂಟರಿಂದ ಬಿದ್ದು ಕಾಲಿಗೆ ರಾಡು ಹಾಕಿಸಿಕೊಂಡು ಮಲಗಿದ್ದ ದಿನಗಳು ಅವು. ಅವಳು ದುಡಿದರೆ ನಮ್ಮ ಒಲೆ ಉರಿಯುತ್ತಿತ್ತು.

ಆತ ಗೇಟಿನ ಚಕ್ರದ ಮುಂದೆ ನಿಂತಿದ್ದ. ನೀರಲ್ಲಿ ವಿಷ ಸೇರಿದೆ, ವರ್ತಿ ನೀರು ಯಾರೂ ಕುಡಿಯಬೇಡಿ ಎಂದು ಹೇಳಿದ. ಯಾರಿಗೂ ನಂಬಿಕೆ ಬರಲಿಲ್ಲ. ತಳ ಕಾಣುವಷ್ಟು ತಿಳಿ ನೀರು. ಬಣ್ಣ ಇದ್ದಾಗ ಬಿಟ್ಟ, ಬಣ್ಣ ಹೋದ ಮೇಲೆ ತಡೆದ, ಇವನಿಗೆ ತಲೆ ಕೆಟ್ಟಿದೆ ಎಂದರು. ಆಗ ಮೇಸ್ತ್ರಿ ನನ್ನನ್ನು ತೋರಿಸಿದ.

"ನಮ್ಮ ಮಾತು ಬಿಡ್ರಿ. ಅಜ್ಜಿ ಇಲ್ಲೇ ಅದಾಳ, ಆಕೀನ್ನ ಕೇಳ್ರಿ. ಊರಿಗೆ ನೀರು ಹೇಳೋದು ಆಕಿ. ಹೇಳಬೇ ಅಜ್ಜಿ, ನೀ ಅದ್ದಿದ ಬಟ್ಟೆ ಬೆಳ್ಳಗಿತ್ತೋ ಇಲ್ಲೋ? ಅಷ್ಟ ಹೇಳು."

ಎಲ್ಲರೂ ನನ್ನ ಕಡೆ ತಿರುಗಿದರು. ಸೊಸೆ ನೆಲ ನೋಡುತ್ತಿದ್ದಳು. ಹೊಂಡದ ಸಾರು ನನ್ನನ್ನು ನೋಡಿದ. ಪಟ್ಟಿ ಹರಿದದ್ದು ಆತ ಹೇಳಬಹುದಿತ್ತು. ಈ ಅಕ್ಕಯ್ಯನೇ ತನ್ನ ಕೈಯಾರೆ ಹರಿದು ನೋಡಿದಳು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಬಿಳಿ ಬಟ್ಟೆ ಕಟ್ಟಿಸಿದವಳೂ ಇವಳೇ, ವಾಸನೆ ಬಂದಾಗ ಸುಮ್ಮನಿರು ಎಂದವಳೂ ಇವಳೇ ಎಂದು ನನ್ನ ಮೇಲೆ ಹಾಕಬಹುದಿತ್ತು. ಬಾಯಿ ಬಿಡಲಿಲ್ಲ. ನಾನೇ ಹೇಳಲಿ ಎಂದು ಕಾದನೋ, ಮೆಣಸಿನ ಮಡಿಯ ಹಾಗೆ ಸುಮ್ಮನಾದನೋ, ತಿಳಿಯದು.

"ಬೆಳ್ಳಗಿತ್ತು," ಅಂದೆ.

ಮತ್ತೆ ಏನೂ ಹೇಳಲಿಲ್ಲ ನಾನು. ಅಷ್ಟು ಸಾಕಾಯಿತು ಅವರಿಗೆ. ಮೇಸ್ತ್ರಿ ಮತ್ತು ಇನ್ನಿಬ್ಬರು ಸೇರಿ ಚಕ್ರ ತಿರುಗಿಸಿದರು. ಆತ ಅಡ್ಡ ಬರಲಿಲ್ಲ, ಪಕ್ಕಕ್ಕೆ ಸರಿದು ದಾರಿ ಕೊಟ್ಟ. ಮೂರು ದಿನ ನಿಂತಿದ್ದ ನೀರು ಒಂದೇ ಸಲ ಹಳ್ಳಕ್ಕೆ ನುಗ್ಗಿತು. ಜನ ಚದುರಿದರು. ನಾನು ಹೋಗಲಾರದೆ ನಿಂತಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಬೂಟಿನ ಕೆಸರನ್ನು ಕಲ್ಲಿಗೆ ಉಜ್ಜಿಕೊಂಡು ಹೇಳಿದ.

"ನೀನು ಸುಳ್ಳೇನೂ ಹೇಳಲಿಲ್ಲ ಬಿಡು, ಅಕ್ಕಯ್ಯ."

ಇದುವರೆಗೆ ನನ್ನನ್ನು ಬೈದವರು ಬಹಳ ಜನ. ಯಾವ ಬೈಗುಳವೂ ಈ ಮಾತಿನ ಹಾಗೆ ಕೂತಿಲ್ಲ.

ತಿಂಗಳೊಳಗೆ ಶೆಡ್ಡಿನ ಯಜಮಾನರು ಆತನನ್ನು ತೆಗೆ ಎಂದರಂತೆ, ಕಾಂಟ್ರಾಕ್ಟರು ತೆಗೆದ. ಹೋಗುವ ಮುಂಚೆ ಆತ ಕಚೇರಿಗೆ ಎರಡು ಸಲ ಬರೆದ. ಎರಡನೆಯ ಕಾಗದಕ್ಕೆ ಸಾಕ್ಷಿ ಎಂದು ನಾನು ಸಹಿ ಹಾಕಬೇಕಿತ್ತು. ಕೇಳಲಿಲ್ಲ ಆತ. ನಾನೂ ಹೋಗಿ ಹಾಕುತ್ತೇನೆ ಅನ್ನಲಿಲ್ಲ. ಕಲ್ಯಾಣದುರ್ಗದ ಮೇಲೆ ಹೋಗುವ ಬೆಳಗಿನ ಬಸ್ಸಿಗೆ ಹೊರಟ ಎಂದು ಸೊಸೆ ಹೇಳಿದಳು. ಬಸ್ಸಿನ ಹೊತ್ತು ನನಗೆ ಗೊತ್ತಿತ್ತು. ಒಗೆಯುತ್ತಾ ಕೂತಿದ್ದೆ, ಏಳಲಿಲ್ಲ.

ಈಗ ಅಲ್ಲಿ ಬೇರೊಬ್ಬ ಇದ್ದಾನೆ. ಒಳ್ಳೆಯ ಹುಡುಗ, ಎಲ್ಲರ ಜೊತೆ ನಗುತ್ತಾನೆ, ಚಹಾ ಕೊಟ್ಟರೆ ಹಾಗೇ ಕುಡಿಯುತ್ತಾನೆ. ಎರಡನೆಯ ಹೊಂಡದ ಮೋಟಾರು ಆಡಿ ಎಷ್ಟು ದಿನವಾಯಿತೋ. ಜೊಂಡು ಪೂರ್ತಿ ಒಣಗಿ, ಕೊಯ್ದು ಯಾರೋ ಗುಡಿಸಲಿಗೆ ಹೊದಿಸಿದರು. ಹೋದ ಬೇಸಿಗೆ ಕಳೆಯುವ ಹೊತ್ತಿಗೆ ಊರಲ್ಲಿ ಬಾಯಿಹುಣ್ಣು ಶುರುವಾಯಿತು. ಮಕ್ಕಳಿಗೆ ಕೈಕಾಲು ತುರಿಕೆ. ರಾಯದುರ್ಗದ ಡಾಕ್ಟರು ಮುಲಾಮು ಕೊಟ್ಟರು, ಉಷ್ಣ ಎಂದು ಜನ ಮಜ್ಜಿಗೆ ಕುಡಿದರು. ನಾನು ಮನೆ ಮನೆಗೆ ಹೋಗಿ ಹೇಳಿದೆ. ಪಟ್ಟಿ ಹರಿದದ್ದು ಹೇಳಿದೆ, ಕುರಿ ತಿರುಗಿ ಹೋದದ್ದು ಹೇಳಿದೆ, ಗೇಟಿನ ಮುಂದೆ ನಾನು ಅರ್ಧ ಮಾತು ಆಡಿದ್ದು ಹೇಳಿದೆ. ಆ ಕೊನೆಯದು ಹೇಳಿದ್ದೇ ತಪ್ಪಾಯಿತೇನೋ. ಅವತ್ತೊಂದು ಇವತ್ತೊಂದು ಹೇಳುವ ಮುದುಕಿ ಎಂದರು. ನನ್ನ ಸೊಸೆ ಮನೆಗೆ ಬೋರಿನ ನೀರು ತರುತ್ತಾಳೆ, ನನ್ನ ಬಾಯಿಗೆ ಹೆದರಿ. ಶೆಡ್ಡಿಗೂ ಹೋಗುತ್ತಾಳೆ. ಹೋಗಬೇಡ ಎನ್ನುವ ಧೈರ್ಯ ನನಗಿಲ್ಲ.

ಆತನಿಗೆ ಕಾಮಾಲೆ ಬಂದದ್ದು ಈ ನೀರಿನಿಂದಲೋ ಎಂದು ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಕೇಳಿದೆ. ವರ್ಷದ ಹಿಂದೆ ಕುಡಿದ ನೀರಿಗೂ ಇದಕ್ಕೂ ಸಂಬಂಧ ಇರುವುದಿಲ್ಲ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ ಅಂದಳು. ಇರಲಿಕ್ಕಿಲ್ಲ. ಆಕೆ ಓದಿದವಳು.

ಈ ವರ್ಷದ ಮೊದಲ ವರ್ತಿಯನ್ನು ಹೋದ ವಾರ ತೋಡಿದರು. ಪದ್ಧತಿ ಬಿಡಬಾರದು ಎಂದು ನನ್ನನ್ನೂ ಕರೆದರು. ಹೋದೆ. ನೀರು ಊರುವವರೆಗೆ ಮರಳಿನ ಮೇಲೆ ಕೂತಿದ್ದೆ. ಕನ್ನಡಿಯಷ್ಟು ತಿಳಿಯಾಗಿ ಬಂತು. ಬಟ್ಟೆ ಎಲ್ಲಿ ಎಂದು ಕೇಳಿದರು. ತಂದಿಲ್ಲ ಎಂದೆ. ಇದಕ್ಕೆ ಬಟ್ಟೆ ಬೇಕಾಗಿಲ್ಲ, ಇದು ಕುಡಿಯೋ ನೀರಲ್ಲ, ಸವಳಾದರೂ ಬೋರಿಂದ ಕುಡೀರಿ, ಬ್ಯಾಳಿ ಬೇಯದಿದ್ದರೆ ಹಸೀದ ತಿನ್ರಿ ಎಂದೆ.

ಆಮೇಲೆ ಶೆಡ್ಡಿನಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು, ನನ್ನ ಮೊಮ್ಮಗಳ ವಯಸ್ಸಿನವಳು, ಸೊಂಟದ ಮೇಲೆ ಕೊಡ ಇಟ್ಟುಕೊಂಡೇ ಕೇಳಿದಳು. ಹಂಗಿಸುವ ದನಿ ಅಲ್ಲ, ನಿಜವಾಗಿಯೂ ಕೇಳಿದಳು.

"ಹೋದ ವರ್ಷ ಹಾಲಿನಂಗ ಐತಿ ಕುಡೀರಿ ಅಂದಾಕಿ ನೀನ ಅಲ್ಲೇನಬೇ ಅಜ್ಜಿ?"

"ಹೌದು, ನಾನ," ಅಂದೆ.

ಆಕೆ ಬಗ್ಗಿ ಕೊಡ ಮುಳುಗಿಸಿದಳು. ಹಿಂದಿನಿಂದ ಒಬ್ಬೊಬ್ಬರಾಗಿ ಉಳಿದವರೂ ಇಳಿದರು.